ಜಾರಿದ ಗುಡಿಸು

ಶಿಡ್ಲಘಟ್ಟದ ತಾಲ್ಲೂಕು ಕಚೇರಿ ಎದುರು
ಜೆರಾಕ್ಸ್ ಅಂಗಡಿಗೆ ಅಂಟಿದ ಮೂರಡಿ ಜಾಗ ನನ್ನದು.
ಒಂದು ಕಂಪ್ಯೂಟರು, ಕೆಮ್ಮುವ ಪ್ರಿಂಟರು.
ಮನವಿ ಪತ್ರ ಪುಟಕ್ಕೆ ಮೂವತ್ತು ರೂಪಾಯಿ,
'ಉಗ್ರ ಹೋರಾಟ ಅನಿವಾರ್ಯ' ಎಂಬ ಸಾಲು ಬಿಟ್ಟಿ.

ಎಲ್ಲ ಸಂಘದವರೂ ಇಲ್ಲಿಗೇ ಬರುತ್ತಾರೆ,
ಹಸಿರು ಶಾಲಿನವರು, ನೀಲಿ ಶಾಲಿನವರು,
ಶಾಲಿನ ಬಣ್ಣ ಇನ್ನೂ ಗೊತ್ತುಮಾಡದವರು.
ಗೂಡಿನ ಬೆಲೆ ಏರಲಿ ಎನ್ನುವವರ ಪತ್ರ ಬೆಳಿಗ್ಗೆ,
ಇಳಿಯಲಿ ಎನ್ನುವವರದು ಊಟವಾದ ಮೇಲೆ.
ಎರಡಕ್ಕೂ ಕೊನೆಯ ಪ್ಯಾರಾ ಒಂದೇ.
ತಕ್ಕಡಿಯ ಮುಳ್ಳಿಗೆ ಯಾವ ತಟ್ಟೆ ನೆಂಟ?

ಮಾರ್ಚಿಯಲ್ಲಿ ರೀಲರುಗಳ ಸಂಘದಿಂದ
ಅಫ್ಸರ್ ಪಾಷಾ, ಚೌಡರೆಡ್ಡಿ ಒಂದೇ ಕಾರಿನಲ್ಲಿ ಇಳಿದರು,
ಚುನಾವಣೆ ಬಂದರೆ ಮುಖ ಮುಖ ನೋಡದವರು.
ಸಣ್ಣ ಘಟಕಗಳಿಗೆ ತಪಾಸಣೆ ಬೇಡ, ಅಷ್ಟೆ.
ಹೇಳಿ ಬರೆಸಿದರು. ಚಿಲ್ಲರೆ ವಾಪಸು ಕೇಳಲಿಲ್ಲ.
ಅವಸರಕ್ಕೆ ನನ್ನ ಬೆರಳು ತಪ್ಪಿ
'ಸಾರ್ವಜನಿಕ'ದ ನಕಾರದ ಮೇಲಿದ್ದ ಗುಡಿಸು
ಹಿಂದಿನ ಜಕಾರದ ಮೇಲೆ ಹೋಗಿ ಕೂತಿತು:
ಸಾರ್ವಜಿನಕ ಹಿತಾಸಕ್ತಿಯಿಂದ.
ಕಣ್ಣಿಗೆ ಬೀಳುವಾಗ ಕಾರು ಹೊರಟಾಗಿತ್ತು.

ಅದೇ ವಾರ ನೂಲು ಬಿಚ್ಚುವ ಹೆಂಗಸರು. ಹನ್ನೊಂದು ಜನ.
ಲೆಟರ್‌ಹೆಡ್ ಇಲ್ಲ, ಸೀಲಿಲ್ಲ,
ಸತ್ತ ಹುಳದ ವಾಸನೆಗೆ ಜೆರಾಕ್ಸಿನ ಹುಡುಗ ಎದ್ದುಹೋದ.
'ಸಂಘದ ಹೆಸರೇನಮ್ಮ?'
ಒಬ್ಬರನ್ನೊಬ್ಬರು ನೋಡಿಕೊಂಡರು.
ಜರೀನಾಬಿ ಅಂದಳು, 'ಬಿಸಿನೀರಿನವರು ಅಂತ ಬರ್ಕಳಣ್ಣ.'
ಕೈಗವಸು, ಒಂದು ಫ್ಯಾನು, ದಿನಕ್ಕೆ ನಲವತ್ತು ಹೆಚ್ಚು.
ಹೆಬ್ಬೆಟ್ಟು ಒತ್ತಿದರೆ ಗೆರೆಗಳೇ ಮೂಡಲಿಲ್ಲ,
ಬರೀ ಒಂದು ನೀಲಿ ಮಚ್ಚೆ.
ಬೆಂದ ಬೆರಳು ಕಾಗದಕ್ಕೂ ಗುರುತು ಕೊಡುವುದಿಲ್ಲ.
ಹಿಂಬರಹ ಬಂತು: ಪರಿಶೀಲಿಸಲಾಗುವುದು.

ಆಗಸ್ಟಿನಲ್ಲಿ ಸರ್ಕಾರದ ಆದೇಶ.
ನಾಲ್ಕು ಪ್ರತಿ ಬೇಕೆಂದು ಜವಾನ ತಂದ.
ಮೇಲೆ ಲಾಂಛನ, ಕೆಳಗೆ ಹಸಿರು ಶಾಯಿ,
ನಡುವೆ, ಎರಡನೆಯ ಪ್ಯಾರಾದಲ್ಲಿ, ಆರಾಮಾಗಿ ಕೂತಿತ್ತು
ಸಾರ್ವಜಿನಕ.
ಅಯ್ಯೋ ನನ್ನ ಕೂಸೇ,
ಎಷ್ಟು ಮೇಜು ದಾಟಿ ಬಂದೆ!
ಗುಮಾಸ್ತ, ಸೂಪರಿಂಟೆಂಡೆಂಟು, ಅಧೀನ ಕಾರ್ಯದರ್ಶಿ...
ಒಬ್ಬರೂ ನಿನ್ನ ತಲೆ ಸರಿಮಾಡಲಿಲ್ಲವೆ?
ಕೆಲವು ಕಾಗದ ಓದುವುದಕ್ಕಲ್ಲ, ಹೊತ್ತು ದಾಟಿಸುವುದಕ್ಕೆ.
ಮೂವತ್ತು ರೂಪಾಯಿಗೆ ನಾನೊಂದು ಕಾನೂನು ಬರೆದಿದ್ದೆ.

ಮನೆಯಲ್ಲಿ ಹೇಳಿದೆ. ಹೆಂಡತಿ ನಕ್ಕಳು,
ಆಮೇಲೆ ನಗಲಿಲ್ಲ.
ಹನ್ನೊಂದರಲ್ಲಿ ಒಬ್ಬಳು ಅವಳಕ್ಕ ದ್ಯಾವಮ್ಮ.

ಗೌರಿಹಬ್ಬಕ್ಕೆ ಮುಂಚಿನ ಸೋಮವಾರ
ಬಿಸಿನೀರಿನವರು ಮನವಿ ಬರೆಸಲು ಬರಲಿಲ್ಲ.
ಎಲ್ಲಿಗೂ ಹೋಗಲಿಲ್ಲ. ಕೆಲಸಕ್ಕೂ.
ಮೈಕಿಲ್ಲ, ಧಿಕ್ಕಾರವಿಲ್ಲ, ಪೇಪರಿನವರಿಗೆ ಸುದ್ದಿಯಿಲ್ಲ.
ಹೊಸಿಲ ಮೇಲೆ ಸಾಲಾಗಿ ಕೂತು
ಒಬ್ಬರ ತಲೆಯಲ್ಲಿ ಒಬ್ಬರು ಹೇನು ಹೆಕ್ಕಿದರು,
ಮೂರು ದಿನ. ಓಣಿ ತುಂಬ.

ಗೂಡು ಯಾರಿಗೂ ಕಾಯುವುದಿಲ್ಲ,
ಒಳಗಿರುವ ಜೀವಕ್ಕೆ ಅದರದೇ ಕ್ಯಾಲೆಂಡರು.
ಆವಿಗಿಡುವ ಕೈಯಿಲ್ಲದೆ ಬುಟ್ಟಿಗಳಲ್ಲಿ
ಮೊದಲು ಒಂದು, ಸಂಜೆಗೆ ಹತ್ತು,
ಎಳೆ ಹರಿದುಕೊಂಡು ಒದ್ದೆ ಬಿಳಿ ಚಿಟ್ಟೆಗಳು
ಚೌಡರೆಡ್ಡಿಯ ಲೆಕ್ಕದ ಪುಸ್ತಕದ ಮೇಲೆ ತೆವಳಿದವು.

ನಾಲ್ಕನೆಯ ದಿನ ಇಬ್ಬರೂ ಬಂದರು, ನಡೆದು.
'ಒಪ್ಪಂದ ಅಂತ ಹೊಡಿ. ಇಪ್ಪತ್ತೈದು ರೂಪಾಯಿ. ಫ್ಯಾನು.
ಕೈಗವಸು ಮುಂದೆ ನೋಡೋಣ.'
ಎರಡನೆಯ ಪಕ್ಷದ ಹೆಸರು ಕೇಳಿದೆ.
ಪಾಷಾ ಬಹಳ ಹೊತ್ತು ಗೋಡೆ ನೋಡಿದರು.
ನಾನೇ ಹೊಡೆದೆ: ಬಿಸಿನೀರಿನವರು.
ಪ್ರಿಂಟು ಕೊಡುವ ಮುನ್ನ ಬೆರಳಿಟ್ಟು ಎಣಿಸಿದೆ.
ಮೂರು ಗುಡಿಸು, ಒಂದು ದೀರ್ಘ,
ಎಲ್ಲ ತಂತಮ್ಮ ಜಾಗದಲ್ಲಿದ್ದವು.